ಕೈಹಗ್ಗದ ಕುದುರೆ: ಹಾಲ್ಟರ್ ಪ್ರದರ್ಶನಕ್ಕೆ ಮೊದಲ ಬಾರಿ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರು ಸೀಮೆಯವರಿಗೆ ದನ ಹಿಡಿದು ನಿಲ್ಲುವುದು ಹೊಸದಲ್ಲ. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯ ಜಾತ್ರೆಯ ಬಯಲಿನಲ್ಲಿ ಹಳ್ಳಿಕಾರ್ ಜೋಡಿಗಳನ್ನು ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು (ಹಲ್ಲೆಲ್ಲ ಬಂದದ್ದು) ಎಂದು ವಿಂಗಡಿಸಿ ನೋಡುವ ಕಣ್ಣು ನಮ್ಮ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ಪಳಗಿದೆ. ಕುದುರೆಯನ್ನು ಪ್ರದರ್ಶನಕ್ಕೆ ತಯಾರು ಮಾಡುವವನಿಗೆ ಈ ಕಣ್ಣು ದೊಡ್ಡ ಆಸ್ತಿ. ಆದರೆ ಮೂಗುದಾರ ಹಿಡಿದು ಪಳಗಿದ ಕೈ ಮಾತ್ರ ದೊಡ್ಡ ಅಡ್ಡಿ. ಎತ್ತನ್ನು ಮುಂದೆ ನಿಂತು ಎಳೆದರೆ ಅದು ನಮ್ಮ ಹಿಂದೆ ಬರುತ್ತದೆ. ಕುದುರೆಯನ್ನು ಹಾಗೆ ಎಳೆದರೆ ಹಾಲ್ಟರ್ ಎಂಬ ಮುಖದ ಪಟ್ಟಿಯು ಕಿವಿಯ ಹಿಂಬದಿಯನ್ನು ಒತ್ತಿ, ಅದು ತಲೆಯೆತ್ತಿ ಹಿಂದಕ್ಕೆ ಸರಿಯುತ್ತದೆ. ನಾನು ಇದನ್ನು ಕಲಿತದ್ದು ಮೊದಲ ಪ್ರದರ್ಶನದ ಅಂಗಳದಲ್ಲೇ. ಹಟಕ್ಕೆ ಬಿದ್ದು ಎಳೆದೆ. ನನ್ನ ಹೆಣ್ಣು ಕುದುರೆ ಹಿಂದಹಿಂದಕ್ಕೆ ಹೋಗಿ, ಸಾಲಿನಲ್ಲಿದ್ದ ಎರಡು ಕುದುರೆಗಳ ನಡುವೆ ಅಡ್ಡಲಾಗಿ ನಿಂತಿತು. ಈ ಬರಹದ ಬಹುಪಾಲು ಆ ಎಳೆತವನ್ನು ಕೈಯಿಂದ ಬಿಡಿಸುವ ಬಗೆಯನ್ನು ಕುರಿತದ್ದು.

ಹಾಲ್ಟರ್ ವರ್ಗದಲ್ಲಿ ನೋಡುವುದೇನು

ಸವಾರನೂ ತಡಿಯೂ ಇಲ್ಲದೆ, ಮುಖಕ್ಕೆ ಹಾಕಿದ ಪಟ್ಟಿ ಮತ್ತು ಒಂದು ಕೈಹಗ್ಗದ ಸಹಾಯದಿಂದ ಕುದುರೆಯನ್ನು ನಡೆಸಿ, ನಿಲ್ಲಿಸಿ ತೋರಿಸುವುದೇ ಹಾಲ್ಟರ್ ವರ್ಗ. ತೀರ್ಪುಗಾರರು ಇಲ್ಲಿ ಅಳೆಯುವುದು ಕುದುರೆಯ ಮೈಕಟ್ಟನ್ನು: ಅಂಗಗಳ ಹೊಂದಾಣಿಕೆ, ಕಾಲುಗಳ ನೇರ, ನಡಿಗೆಯ ಸರಾಗ, ತಳಿಯ ಲಕ್ಷಣ, ಗಂಡು ಹೆಣ್ಣಿಗೆ ತಕ್ಕ ಚಹರೆ. ಇದಕ್ಕೆ ಅಂಟಿಕೊಂಡಂತೆ ಇರುವ ಇನ್ನೊಂದು ಸ್ಪರ್ಧೆಯಲ್ಲಿ, ಅಂದರೆ ಶೋಮನ್‌ಶಿಪ್‌ನಲ್ಲಿ, ಕುದುರೆಗಿಂತ ಹೆಚ್ಚಾಗಿ ಅದನ್ನು ಹಿಡಿದವನ ಕೈಚಳಕಕ್ಕೆ ಅಂಕ ಬೀಳುತ್ತದೆ. ಸಾಧಾರಣ ಮೈಕಟ್ಟಿನ ಕುದುರೆಯುಳ್ಳ ಹೊಸಬರು ಎರಡನೆಯದರಿಂದ ಆರಂಭಿಸುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಮೂಳೆಯನ್ನು ಬದಲಿಸಲು ಯಾರಿಂದಲೂ ಆಗದು, ಕೈಯನ್ನು ಬದಲಿಸಬಹುದು.

ವರ್ಗಗಳನ್ನು ಸಾಮಾನ್ಯವಾಗಿ ತಳಿ, ಲಿಂಗ ಮತ್ತು ವಯಸ್ಸಿನ ಪ್ರಕಾರ ಮಾಡುತ್ತಾರೆ. ಬೀಜದ ಗಂಡು, ಬೀಜ ತೆಗೆಸಿದ ಗಂಡು ಮತ್ತು ಹೆಣ್ಣು ಬೇರೆ ಬೇರೆ. ಮರಿಗಳಲ್ಲಿ ವರ್ಷ ತುಂಬದ್ದು, ವರ್ಷದ್ದು, ಎರಡು ವರ್ಷದ್ದು ಬೇರೆ ಬೇರೆ. ಉತ್ತರದ ಮೇಳಗಳಲ್ಲಿ ಮಾರ್ವಾರಿ ಕುದುರೆಗಳನ್ನು ಹಲ್ಲಿನ ಲೆಕ್ಕದಲ್ಲಿಯೇ ವಿಂಗಡಿಸುವ ರೂಢಿಯುಂಟು; ಅದು ನಮ್ಮ ಜಾತ್ರೆಯವರಿಗೆ ಕೂಡಲೇ ಅರ್ಥವಾಗುವ ಭಾಷೆ. ಕುದುರೆಯ ಹಾಲುಹಲ್ಲು ಬಿದ್ದು ನಡುವಿನ ಜೋಡಿ ಹೊಸದಾಗಿ ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ, ಐದಕ್ಕೆ ಬಾಯಿಗೂಡುತ್ತದೆ. ಮಾರುವವರು ಹೇಳಿದ ವಯಸ್ಸನ್ನು ನಂಬಿ ಹೆಸರು ಬರೆಸಿ, ಅಂಗಳದಲ್ಲಿ ಬಾಯಿ ತೆರೆಸಿದಾಗ ತಬ್ಬಿಬ್ಬಾದವರನ್ನು ನಾನು ಕಂಡಿದ್ದೇನೆ. ಪಶುವೈದ್ಯರಿಂದ ಹಲ್ಲು ನೋಡಿಸಿ, ಆಮೇಲೆ ವರ್ಗ ಆರಿಸಿಕೊಳ್ಳಿ.

ಯಾವ ಕುದುರೆ, ಎಲ್ಲಿಯ ಪ್ರದರ್ಶನ

ನಮ್ಮ ಜಿಲ್ಲೆಯಲ್ಲಿ ಕುದುರೆ ಎಂದೊಡನೆ ನೆನಪಾಗುವುದು ಕುಣಿಗಲ್. ಹೈದರ್ ಮತ್ತು ಟಿಪ್ಪುವಿನ ಕಾಲದ ಅಶ್ವದಳದ ನೆನಪನ್ನು ಹೊತ್ತಿರುವ ಅಲ್ಲಿಯ ಸ್ಟಡ್ ಫಾರಂ 400 ಎಕರೆಗೂ ಮಿಕ್ಕಿದ ಜಾಗದಲ್ಲಿ ಬೆಳೆಸಿದ್ದು ರೇಸಿನ ಥರೋಬ್ರೆಡ್ ಕುದುರೆಗಳನ್ನು. ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಬೆಂಗಳೂರಿನ ಆಸುಪಾಸಿನಲ್ಲಿ ಕೈಗೆಟಕುವ ಬೆಲೆಗೆ ಸಿಗುವುದುಂಟು. ಆದರೆ ಅದು ಓಡಲೆಂದೇ ಬೆಳೆದ ಜೀವ, ಸುಮ್ಮನೆ ನಿಲ್ಲುವುದನ್ನು ಅದಕ್ಕೆ ಹೊಸದಾಗಿ ಕಲಿಸಬೇಕು. ಭಾರತೀಯ ತಳಿಗಳಲ್ಲಿ ಪ್ರದರ್ಶನದ ಅಂಗಳ ತುಂಬುವುದು ಮಾರ್ವಾರಿ ಮತ್ತು ಕಾಠಿಯಾವಾಡಿ. ಒಳಕ್ಕೆ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುವ ಕಿವಿಯಿಂದಲೇ ಇವನ್ನು ದೂರದಿಂದ ಗುರುತಿಸಬಹುದು. ರಾಜಸ್ಥಾನದ ಪುಷ್ಕರ, ಪಂಜಾಬಿನ ಮುಕ್ತ್‌ಸರ್ ಮತ್ತು ನಮಗೆ ತುಸು ಹತ್ತಿರವಾದ ಮಹಾರಾಷ್ಟ್ರದ ಸಾರಂಗಖೇಡಾ ಇವುಗಳಿಗೆ ಹೆಸರಾದ ಮೇಳಗಳು. ಮೊದಲ ವರ್ಷ ಕುದುರೆಯಿಲ್ಲದೆ, ಬರಿಗೈಯಲ್ಲಿ, ಇಂಥ ಒಂದು ಮೇಳಕ್ಕೆ ಹೋಗಿ ಎರಡು ದಿನ ಅಂಗಳದ ಕಟ್ಟೆಯ ಮೇಲೆ ಕುಳಿತು ನೋಡಿ ಬನ್ನಿ.

ಕುದುರೆಯನ್ನು ಸ್ವತಃ ಪರೀಕ್ಷಿಸಲು ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುವ ತೂಗುಗುಂಡು ಸಾಕು. ಸಮತಟ್ಟಾದ ನೆಲದಲ್ಲಿ ಕುದುರೆಯನ್ನು ನಿಲ್ಲಿಸಿ, ಎದುರಿನಿಂದ ಭುಜದ ತುದಿಯಿಂದ ದಾರ ಇಳಿಬಿಟ್ಟರೆ ಅದು ಮುಂಗಾಲಿನ ಮಂಡಿ, ಅದರ ಕೆಳಗಿನ ಕೀಲು ಮತ್ತು ಗೊರಸನ್ನು ಸರಿಯಾಗಿ ಎರಡು ಪಾಲು ಮಾಡಬೇಕು. ಹಿಂದಿನಿಂದ ಪೃಷ್ಠದ ತುದಿಯಿಂದ ಇಳಿಬಿಟ್ಟ ದಾರ ಹಿಂಗಾಲಿನ ದೊಡ್ಡ ಕೀಲು ಮತ್ತು ಗೊರಸಿನ ನಡುವೆ ಹಾಯಬೇಕು. ಅದೇ ದಾರವನ್ನು ಪಕ್ಕದಿಂದ ನೋಡಿದರೆ ಅದು ಆ ಕೀಲಿನ ಹಿಂತುದಿಯನ್ನು ಸವರಿ ಕೆಳಗಿನ ಮೂಳೆಯ ಹಿಂಬದಿಗುಂಟ ಇಳಿಯಬೇಕು. ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಹೆಗಲ ಏರಿನಿಂದ ನೆಲದವರೆಗಿನ ಎತ್ತರಕ್ಕೆ ಹೆಚ್ಚುಕಡಿಮೆ ಸಮವಾಗಿದ್ದರೆ ಕಣ್ಣಿಗೆ ಹಿತ. ಎತ್ತರವನ್ನು 'ಹ್ಯಾಂಡ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ನಾಲ್ಕು ಅಂಗುಲ, ಅಂದರೆ 14.2 ಎಂದು ಬರೆದದ್ದು ಹದಿನಾಲ್ಕು ಹ್ಯಾಂಡ್ ಎರಡು ಅಂಗುಲ, ಒಟ್ಟು 58 ಅಂಗುಲ. ಇಷ್ಟು ಹೇಳಿದ ಮೇಲೆ ಸುಳಿಯ ಮಾತನ್ನೂ ಆಡಬೇಕು. ಕೊಳ್ಳುವಾಗ ಹಿರಿಯರು ಮೊದಲು ಹುಡುಕುವುದು ಸುಳಿಯನ್ನೇ. ಸುಳಿ ಚೆನ್ನಾಗಿದೆ ಎಂದು ಡೊಂಕು ಕಾಲಿನ ಕುದುರೆಯನ್ನು ತಂದವರು ನಮ್ಮಲ್ಲಿ ಕಡಿಮೆಯಿಲ್ಲ. ನಂಬಿಕೆ ಅವರವರದು, ಆದರೆ ದಾರ ಇಳಿಬಿಟ್ಟು ನೋಡಿದ ನಂತರ ಸುಳಿ ನೋಡಿ.

ಮೇವು: ಹಸುವಿನ ಲೆಕ್ಕ ಇಲ್ಲಿ ನಡೆಯದು

ಪ್ರದರ್ಶನಕ್ಕೆ ಮೂರು ತಿಂಗಳ ಮುಂಚೆ ಮೇವಿನ ಲೆಕ್ಕ ಆರಂಭವಾಗಬೇಕು. ಮೊದಲು ತೂಕ ತಿಳಿಯಬೇಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಮೈಯುದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 170, ಉದ್ದ 160 ಇದ್ದರೆ ತೂಕ ಸುಮಾರು 389 ಕಿಲೋ. ಇಂಥ ಕುದುರೆಗೆ ದಿನಕ್ಕೆ ತೂಕದ ಶೇ. 2ರಷ್ಟು, ಅಂದರೆ ಎಂಟು ಕಿಲೋಗೆ ಹತ್ತಿರದ ಒಣ ಆಹಾರ ಬೇಕು. ಅದರಲ್ಲಿ ದೊಡ್ಡ ಪಾಲು ಹುಲ್ಲೇ ಆಗಿರಬೇಕು.

ನಮ್ಮ ಕಡೆ ಆಗುವ ದೊಡ್ಡ ತಪ್ಪು ಇಲ್ಲಿಯೇ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಹಸುವಿಗೆಂದು ಬೆಳೆದ ಹೈಬ್ರಿಡ್ ನೇಪಿಯರ್ ಹುಲ್ಲು ಯಥೇಚ್ಛವಾಗಿರುತ್ತದೆ, ಚೀಲಗಟ್ಟಲೆ ಬೂಸಾ ಇರುತ್ತದೆ. ಅದನ್ನೇ ಕುದುರೆಗೂ ಹಾಕುತ್ತಾರೆ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಗೋಧಿ ಬೂಸಾದಲ್ಲಿ ಸುಣ್ಣಕ್ಕಿಂತ ರಂಜಕ ಹಲವು ಪಟ್ಟು ಹೆಚ್ಚು. ಎರಡೂ ಸೇರಿದಾಗ ದೇಹ ತನ್ನ ಮೂಳೆಯಿಂದಲೇ ಸುಣ್ಣವನ್ನು ಕೀಳುತ್ತದೆ; ಕುಂಟು ಕಾಣಿಸಿಕೊಳ್ಳುತ್ತದೆ, ಕೊನೆಗೆ ಮುಖದ ಮೂಳೆ ಊದಿಕೊಳ್ಳುತ್ತದೆ. ಮೈಕಟ್ಟಿನ ಸ್ಪರ್ಧೆಗೆ ತಯಾರಾಗುವ ಕುದುರೆಗೆ ಇದಕ್ಕಿಂತ ಕೇಡು ಇನ್ನೊಂದಿಲ್ಲ. ಆದ್ದರಿಂದ ಒಣಹುಲ್ಲು, ಗರಿಕೆ ಮತ್ತು ಕುದುರೆ ಮಸಾಲೆ ಸೊಪ್ಪನ್ನು ಆಧಾರವಾಗಿಟ್ಟುಕೊಳ್ಳಿ. ಕುದುರೆ ಮಸಾಲೆಯಲ್ಲಿ ಸುಣ್ಣವೂ ಇದೆ, ಸಾರವೂ ಇದೆ. ಹೆಸರೇ ಹೇಳುವಂತೆ ಅದು ಕುದುರೆಯದೇ ಸೊಪ್ಪು. ಹುರುಳಿಯನ್ನು ನೆನೆಸಿ ಬೇಯಿಸಿ ಮಿತವಾಗಿ ಕೊಡುವುದು ನಮ್ಮ ಹಳೆಯ ಪದ್ಧತಿ, ಅದನ್ನು ಬಿಡಬೇಕಾಗಿಲ್ಲ. ಯಾವ ಬದಲಾವಣೆಯನ್ನಾದರೂ ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಮಾಡಿ. ಕುದುರೆಗೆ ವಾಂತಿ ಮಾಡಲು ಬಾರದು. ಒಮ್ಮೆಲೇ ಬದಲಾದ ಮೇವಿನಿಂದ ಹೊಟ್ಟೆಶೂಲೆ ಬಂದರೆ ಪ್ರಾಣಕ್ಕೇ ಕುತ್ತು.

ದಪ್ಪವೇ ಅಂದವೆಂದು ತಿಳಿಯಬೇಡಿ. 1983ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಡಾನ್ ಹೆನೆಕಿ ರೂಪಿಸಿದ ಮೈಸ್ಥಿತಿಯ ಮಾಪನದಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಗಳಿವೆ. ಐದರಿಂದ ಆರು ಸಾಕು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಅಂಗೈ ಆಡಿಸಿದರೆ ಎಣಿಕೆಗೆ ಸಿಗಬೇಕು. ಮಾಂಸಖಂಡದ ಮೋಹ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯೇ ಸಾಕ್ಷಿ. ಅಲ್ಲಿ ಹಾಲ್ಟರ್ ವರ್ಗಗಳಲ್ಲಿ ಗೆದ್ದ ಇಂಪ್ರೆಸಿವ್ ಎಂಬ ಗಂಡು ಕುದುರೆಯ ಸಂತತಿಯಲ್ಲಿ, ರಕ್ತದ ಪೊಟ್ಯಾಸಿಯಂ ಏರಿ ಮೈ ಅದುರಿ ಕುಸಿಯುವ ಆನುವಂಶಿಕ ಕಾಯಿಲೆ ಹರಡಿತು. ಆ ದೋಷವನ್ನು ತಂದೆತಾಯಿ ಇಬ್ಬರಿಂದಲೂ ಪಡೆದ ಮರಿಗಳನ್ನು 2007ರಿಂದ ಆ ತಳಿಯ ಸಂಘ ನೋಂದಾಯಿಸುತ್ತಿಲ್ಲ.

ಕೈಹಗ್ಗದ ಪಾಠ

ಪಟ್ಟಿ ಚರ್ಮದ್ದಾಗಿರಲಿ, ಮೂಗಿನ ಪಟ್ಟಿಯು ಕೆನ್ನೆಯೆಲುಬಿನಿಂದ ಎರಡು ಬೆರಳು ಕೆಳಗಿರಲಿ. ಸರಪಳಿ ಹಗ್ಗವನ್ನು ಹೊಸಬರು ಮುಟ್ಟದಿರುವುದು ಒಳ್ಳೆಯದು. ಹಗ್ಗವನ್ನು ಬಲಗೈಯಲ್ಲಿ ಗದ್ದದಿಂದ ಒಂದು ಗೇಣು ಕೆಳಗೆ ಹಿಡಿದು, ಉಳಿದದ್ದನ್ನು ಎಡಗೈಯಲ್ಲಿ ಮಡಿಕೆ ಮಡಿಕೆಯಾಗಿ ಹಿಡಿಯಬೇಕು; ಅಂಗೈಗೆ ಸುತ್ತಿಕೊಳ್ಳಲೇಬಾರದು, ಕುದುರೆ ಬೆದರಿ ಓಡಿದರೆ ಬೆರಳು ಅದರ ಜೊತೆಗೇ ಹೋಗುತ್ತದೆ. ಕಾಲಿಗೆ ಮುಚ್ಚಿದ ಬೂಟು ಇರಲಿ. ಚಪ್ಪಲಿಯಲ್ಲಿ ಎತ್ತು ಹಿಡಿದವನ ಧೈರ್ಯ ಕುದುರೆಯ ಲಾಳದ ಕೆಳಗೆ ಉಳಿಯುವುದಿಲ್ಲ.

ನಿಮ್ಮ ಸ್ಥಾನ ಕುದುರೆಯ ಎಡಬದಿಯಲ್ಲಿ, ತಲೆ ಮತ್ತು ಭುಜದ ನಡುವೆ. ಹೊರಡುವಾಗ ಕುದುರೆಯ ಮುಖ ನೋಡದೆ, ಹೋಗಬೇಕಾದ ಕಡೆ ನೋಡಿ ನಡೆಯಿರಿ. ಕುದುರೆ ಹೊರಡದಿದ್ದರೆ ಎಳೆಯಬೇಡಿ. ಎಡಗೈಯಲ್ಲಿ ಉದ್ದನೆಯ ಬೆತ್ತ ಹಿಡಿದು, ನಿಮ್ಮ ಬೆನ್ನ ಹಿಂದಿನಿಂದ ಅದರ ಪಕ್ಕೆಯನ್ನು ತುಸು ತಾಗಿಸಿ. ಒಂದು ಹೆಜ್ಜೆ ಇಟ್ಟೊಡನೆ ಬೆತ್ತ ಕೆಳಗಿಳಿಯಬೇಕು, ಹಗ್ಗ ಸಡಿಲವಾಗಬೇಕು. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಒತ್ತಡ ಬಿಟ್ಟ ಆ ಗಳಿಗೆಯಿಂದ. ತೋಟದ ಬೇಲಿಗುಂಟ ಬಲಬದಿಗೆ ಬೇಲಿ ಬರುವಂತೆ ನಡೆಸಿದರೆ ಕುದುರೆ ಹೊರಕ್ಕೆ ವಾಲುವುದಿಲ್ಲ. ನನ್ನ ಕುದುರೆ ಸಡಿಲ ಹಗ್ಗದಲ್ಲಿ ತೆಂಗಿನ ಸಾಲಿನ ಉದ್ದಕ್ಕೂ ನಡೆಯಲು ಹನ್ನೊಂದು ದಿನ ಹಿಡಿಯಿತು. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ, ಅಷ್ಟೇ. ಹನ್ನೆರಡನೆಯ ದಿನ ಸೋಗೆಯೊಂದು ಹಿಂದೆ ಬಿದ್ದಾಗ ಅದು ಬೆಚ್ಚಿ ನನ್ನ ಕಡೆಗೇ ಸರಿದು ನಿಂತಿತು, ಹಗ್ಗ ಬಿಗಿಯಲಿಲ್ಲ. ಪಾಠ ತಲೆಗೆ ಹೋಗಿದೆಯೆಂದು ನನಗೆ ತಿಳಿದದ್ದು ಆಗ. ತಿರುಗುವಾಗ ಕುದುರೆಯನ್ನು ನಿಮ್ಮ ಕಡೆಗೆ ಎಳೆಯದೆ ಬಲಕ್ಕೆ, ನಿಮ್ಮಿಂದ ದೂರಕ್ಕೆ ತಿರುಗಿಸಿ. ಹಾಗೆ ಮಾಡಿದರೆ ಅದು ನಿಮ್ಮ ಪಾದವನ್ನೂ ತುಳಿಯದು, ಹಿಂಗಾಲುಗಳ ಮೇಲೆ ಭಾರವಿಟ್ಟು ಅಂದವಾಗಿಯೂ ತಿರುಗುತ್ತದೆ.

ನಿಲ್ಲಿಸುವ ಪಾಠಕ್ಕೆ ಇದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಪ್ರತಿಬಾರಿಯೂ ಒಂದೇ ಮಾತು, ಒಂದೇ ದನಿ ಇರಲಿ. ನಾನು 'ಹೋ' ಎನ್ನುತ್ತೇನೆ. ಮೊದಲು ಹಿಂಗಾಲುಗಳನ್ನು ಸರಿಪಡಿಸಿ, ಆಮೇಲೆ ಮುಂಗಾಲುಗಳನ್ನು. ಬಲ ಹಿಂಗಾಲು ಸರಿಯಾದ ಜಾಗಕ್ಕೆ ಬಂದಾಗ ನಿಲ್ಲಿಸಿ, ಎಡ ಹಿಂಗಾಲನ್ನು ಪಟ್ಟಿಯ ಸಣ್ಣ ಒತ್ತಿನಿಂದ ಹಿಂದಕ್ಕೋ ಮುಂದಕ್ಕೋ ಒಂದು ಹೆಜ್ಜೆ ಸರಿಸಿ. ಎಡ ಮುಂಗಾಲನ್ನು ಸರಿಸಬೇಕಾದರೆ ತಲೆಯನ್ನು ತುಸು ಬಲಕ್ಕೆ ವಾಲಿಸಿ. ಭಾರ ಬಲಗಾಲಿಗೆ ಹೋಗಿ ಎಡಗಾಲು ಹಗುರಾಗುತ್ತದೆ, ಆಗ ಅದು ತಾನಾಗಿ ಸರಿಯುತ್ತದೆ. ಕಾಲನ್ನು ಬೂಟಿನಿಂದ ಒದ್ದು ಸರಿಸುವ ಅಭ್ಯಾಸ ಅಂಗಳದಲ್ಲಿ ಅಂಕ ಕಳೆಯುತ್ತದೆ. ಮೊದಲ ದಿನ ಐದು ಎಣಿಸುವಷ್ಟು ಹೊತ್ತು ನಿಂತರೆ ಸಾಕು. ಒಂದು ತಿಂಗಳಲ್ಲಿ ಎರಡು ನಿಮಿಷಕ್ಕೆ ಏರಿಸಿ.

ನಿಲ್ಲುವ ಭಂಗಿ ತಳಿಯಿಂದ ತಳಿಗೆ ಬೇರೆ. ಕ್ವಾರ್ಟರ್ ಹಾರ್ಸ್ ನಾಲ್ಕು ಕಾಲೂ ಚೌಕಕ್ಕೆ ನಿಲ್ಲಬೇಕು. ಥರೋಬ್ರೆಡ್ ತೋರಿಸುವಾಗ ಪಕ್ಕದಿಂದ ನೋಡಿದವರಿಗೆ ನಾಲ್ಕು ಕಾಲೂ ಬಿಡಿಬಿಡಿಯಾಗಿ ಕಾಣುವಂತೆ, ನೋಡುವವರ ಕಡೆಯ ಎರಡು ಕಾಲು ತುಸು ಅಗಲಕ್ಕೆ, ಆಚೆಯವು ಅವುಗಳ ಒಳಕ್ಕೆ ಇರುತ್ತವೆ. ಅರಬ್ಬಿ ಕುದುರೆ ಕತ್ತು ಚಾಚಿ, ಒಂದು ಹಿಂಗಾಲನ್ನು ಹಿಂದಿಟ್ಟು ನಿಲ್ಲುತ್ತದೆ. ಮಾರ್ವಾರಿಯಲ್ಲಿ ಎತ್ತಿದ ಕತ್ತು ಮತ್ತು ಮುಂದಕ್ಕೆ ಚಾಚಿದ ಕಿವಿಗಳೇ ಕಳೆ. ಕಿವಿ ಮುಂದೆ ಬರಿಸಲು ಜೇಬಿನಲ್ಲಿ ನಾಲ್ಕು ಕಾಳು ಹುರುಳಿ ಇಟ್ಟುಕೊಂಡು ಒಮ್ಮೆ ಸದ್ದು ಮಾಡಿದರೆ ಸಾಕು, ಪ್ರತಿಬಾರಿಯೂ ತಿನ್ನಿಸಿದರೆ ಕಚ್ಚುವ ಚಟ ಹತ್ತುತ್ತದೆ.

ತೀರ್ಪುಗಾರರು ಸುತ್ತು ಬರುವಾಗ ನೀವು ಅವರ ನೋಟಕ್ಕೆ ಅಡ್ಡ ನಿಲ್ಲಬಾರದು. ಶೋಮನ್‌ಶಿಪ್‌ನಲ್ಲಿ ಇದಕ್ಕೆ ಖಚಿತ ನಿಯಮವಿದೆ, ಹಾಲ್ಟರ್ ವರ್ಗದಲ್ಲಿಯೂ ಅದನ್ನು ರೂಢಿಸಿಕೊಂಡರೆ ನಷ್ಟವಿಲ್ಲ. ಅವರು ಕುದುರೆಯ ಮುಂಭಾಗದಲ್ಲಿದ್ದರೆ ನೀವು ಅವರಿಲ್ಲದ ಇನ್ನೊಂದು ಬದಿಗೆ ಇರಬೇಕು. ಹಿಂಭಾಗಕ್ಕೆ ಹೋದರೆ ಅವರಿರುವ ಬದಿಗೇ ಬರಬೇಕು. ಎರಡನೆಯದಕ್ಕೆ ಕಾರಣವಿದೆ: ಕುದುರೆ ಬೆದರಿದರೆ ಅದರ ತಲೆಯನ್ನು ನಿಮ್ಮ ಕಡೆಗೆ ಎಳೆಯುತ್ತೀರಿ, ಆಗ ಅದರ ಹಿಂಗಾಲುಗಳು ತೀರ್ಪುಗಾರರಿಂದ ದೂರ ಸರಿಯುತ್ತವೆ.

ಇನ್ನು ಸದ್ದಿನ ಅಭ್ಯಾಸ. ಮನೆಯಂಗಳದಲ್ಲಿ ಸಾಧುವಾಗಿ ನಿಂತ ಕುದುರೆ ಮೈಕಿನ ಕರ್ಕಶಕ್ಕೆ ಕುಣಿಯುತ್ತದೆ. ವಾರಕ್ಕೊಮ್ಮೆ ಸಂತೆಯ ಅಂಚಿಗೆ ನಡೆಸಿಕೊಂಡು ಹೋಗಿ, ತಮಟೆ ಸದ್ದು, ಪ್ಲಾಸ್ಟಿಕ್ ತಾಡಪಾಲು, ಬಿಚ್ಚಿದ ಕೊಡೆ, ಜೆಸಿಬಿ ಎಲ್ಲವನ್ನೂ ದೂರದಿಂದ ಆರಂಭಿಸಿ ತೋರಿಸಿ. ಎರಡು ವರ್ಷದೊಳಗಿನ ಮರಿಗಳನ್ನು ಉದ್ದ ಹಗ್ಗದಲ್ಲಿ ಗಂಟೆಗಟ್ಟಲೆ ಸುತ್ತು ಓಡಿಸಬೇಡಿ. ಬಲಿಯದ ಕೀಲುಗಳು ಅದನ್ನು ತಾಳವು. ನೇರ ದಾರಿಯ ನಡಿಗೆಯೇ ಅವುಗಳಿಗೆ ವ್ಯಾಯಾಮ.

ಮೈ, ಗೊರಸು, ಜೂಲು

ಹೊಳಪು ಎಣ್ಣೆಯಿಂದ ಬರುವುದಿಲ್ಲ, ತೋಳಿನಿಂದ ಬರುತ್ತದೆ. ದಿನಕ್ಕೆ ಅರ್ಧ ಗಂಟೆ ರಬ್ಬರ್ ಬ್ರಷ್‌ನಿಂದ ಸುತ್ತುಸುತ್ತಾಗಿ ಉಜ್ಜಿ ಧೂಳು ಎಬ್ಬಿಸಿ, ಮೆದು ಬ್ರಷ್‌ನಿಂದ ಕೂದಲಿನ ದಿಕ್ಕಿಗೆ ಗುಡಿಸಿ, ಕೊನೆಗೆ ಒಣ ಬಟ್ಟೆಯಿಂದ ಮಾಲೀಸು ಮಾಡಿ. ಸೋಪಿನ ಸ್ನಾನ ಪದೇಪದೇ ಆದರೆ ಚರ್ಮದ ಸ್ವಂತ ಜಿಡ್ಡು ಹೋಗುತ್ತದೆ. ನಮ್ಮ ಕೆಂಪುಮಣ್ಣು ಬಿಳಿ ಕಾಲಿಗೆ ಹಿಡಿದರೆ ಬಿಡುವುದು ಕಷ್ಟ. ಪ್ರದರ್ಶನದ ಹಿಂದಿನ ದಿನ ತೊಳೆದು, ಒಣಗಿಸಿ, ಬಟ್ಟೆ ಸುತ್ತಿಡಿ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಬೇಕು. ಲಾಳ ಕಟ್ಟಿಸುವ ಕೆಲಸವನ್ನು ಪ್ರದರ್ಶನಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಮುಗಿಸಿ, ಮೊಳೆ ತಾಗಿ ಕುಂಟಿದರೆ ಸರಿಪಡಿಸಲು ಸಮಯವಿರುತ್ತದೆ. ಪಟ್ಟಿ ಕೂರುವ ಜಾಗದಲ್ಲಿ ಜೂಲನ್ನು ಎರಡು ಅಂಗುಲ ಕತ್ತರಿಸಿದರೆ ಸಾಕು. ಮೂತಿಯ ಉದ್ದ ಮೀಸೆಕೂದಲನ್ನು ಬೋಳಿಸಬೇಡಿ. ಅವು ಕುದುರೆಯ ಸ್ಪರ್ಶೇಂದ್ರಿಯ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ತನ್ನ ಸ್ಪರ್ಧೆಗಳಲ್ಲಿ 2021ರ ಜುಲೈ 1ರಿಂದ ಇದನ್ನು ನಿಷೇಧಿಸಿದೆ.

ಕಾಗದಪತ್ರ ಮತ್ತು ಪ್ರಯಾಣ

ಕುದುರೆಗಳಿಗೆ ಬರುವ ಗ್ಲಾಂಡರ್ಸ್ ಮನುಷ್ಯರಿಗೂ ಹರಡುವ ಮಾರಕ ರೋಗ. ಅದಕ್ಕೆಂದೇ 1899ರಲ್ಲಿ ಕಾಯ್ದೆಯೊಂದನ್ನು ಮಾಡಿದ್ದರು; ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆ ಈಗ ಅದರ ಜಾಗದಲ್ಲಿದೆ. ಹೊರರಾಜ್ಯಕ್ಕೆ ಒಯ್ಯುವ ಮೊದಲು ರಕ್ತಪರೀಕ್ಷೆಯ ವರದಿ ಕೈಯಲ್ಲಿರಲಿ. ವರದಿ ಬರಲು ದಿನಗಳು ಹಿಡಿಯುವುದರಿಂದ ತಿಂಗಳ ಮೊದಲೇ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ, ಧನುರ್ವಾಯು ಲಸಿಕೆಯ ದಾಖಲೆ ಮತ್ತು ತಳಿಯ ನೋಂದಣಿ ಪತ್ರಗಳ ನಕಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ವಾಹನದಲ್ಲೇ ಇಡಿ.

ಕುದುರೆ ಪರಸ್ಥಳದ ನೀರನ್ನು ಮೂಸಿ ಬಿಡುವುದುಂಟು. ಒಂದು ವಾರ ಮುಂಚಿನಿಂದ ಮನೆಯ ನೀರಿಗೆ ತುಸು ಬೆಲ್ಲ ಬೆರೆಸಿ ಅಭ್ಯಾಸ ಮಾಡಿಸಿದರೆ, ಅಲ್ಲಿಯೂ ಅದೇ ಬೆಲ್ಲ ಹಾಕಿ ಕುಡಿಸಬಹುದು. ಮೇವನ್ನು ಮನೆಯಿಂದಲೇ ಒಯ್ಯಿರಿ. ಒಂದು ದಿನ ಮುಂಚಿತವಾಗಿ ತಲುಪಿ, ಸಂಜೆಯ ತಂಪಿನಲ್ಲಿ ಅಂಗಳವನ್ನು ಕುದುರೆಗೆ ತೋರಿಸಿ.

ಅಂಗಳದೊಳಗೆ

ಕರೆಯುವ ಕಾಲು ಗಂಟೆ ಮೊದಲು ನಡೆಸಿ ಮೈ ಸಡಿಲಗೊಳಿಸಿ. ಮುಂದಿನ ಕುದುರೆಯಿಂದ ಒಂದೂವರೆ ಕುದುರೆಯುದ್ದದ ಅಂತರ ಬಿಡಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರೆ ಅದು ಒದೆಯುವ ಕುದುರೆಯೆಂದು ತಿಳಿದು ಇನ್ನೂ ದೂರವಿರಿ. ತೀರ್ಪುಗಾರರ ಕಡೆಗೆ ನೇರವಾಗಿ ನಡೆಸಿ, ಅವರು ಹೇಳಿದಲ್ಲಿಂದ ಎರಡು ತಾಳದ ಟ್ರಾಟ್ ಓಟಕ್ಕೆ ಏರಿಸಿ. ನೇರ ಓಡದಿದ್ದರೆ ಕಾಲಿನ ಗುಣ ಅವರಿಗೆ ಕಾಣದು, ಆದ್ದರಿಂದ ದೂರದ ಕಂಬವೊಂದನ್ನು ಗುರಿಯಾಗಿಟ್ಟುಕೊಳ್ಳಿ. ಸಾಲಿನಲ್ಲಿ ನಿಂತಾಗ ಅವರು ದೂರದಲ್ಲಿದ್ದರೆ ಕುದುರೆಗೆ ತುಸು ವಿರಾಮ ಕೊಡಿ. ಹತ್ತು ನಿಮಿಷವೂ ಬಿಗಿದುಕೊಂಡೇ ನಿಲ್ಲಿಸಿದ ಕುದುರೆ, ಅವರು ಹತ್ತಿರ ಬರುವ ವೇಳೆಗೆ ಸರಿಯಾಗಿ ಕಾಲು ಎಳೆದು ನಿಲ್ಲುತ್ತದೆ. ಕಾಲು ತಪ್ಪಿದರೆ ಗಾಬರಿ ಬೇಡ, ಒಂದು ಹೆಜ್ಜೆ ಮುಂದೆ ನಡೆಸಿ ಹೊಸದಾಗಿ ನಿಲ್ಲಿಸಿ. ತೀರ್ಪುಗಾರರು ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ವಯಸ್ಸು ಮತ್ತು ತಂದೆತಾಯಿಯ ಹೆಸರು ನಾಲಿಗೆಯ ತುದಿಯಲ್ಲಿರಲಿ. ಎಲ್ಲ ಮುಗಿದ ಮೇಲೆ, ಅವರಿಗೆ ಬಿಡುವಿದ್ದರೆ, ನಿಮ್ಮ ಕುದುರೆಯ ಸ್ಥಾನಕ್ಕೆ ಕಾರಣವನ್ನು ವಿನಯದಿಂದ ಕೇಳಿ ಬರೆದುಕೊಳ್ಳಿ. ನನ್ನ ಮೊದಲ ಟಿಪ್ಪಣಿಯಲ್ಲಿರುವುದು ಒಂದೇ ಸಾಲು: 'ಭುಜ ಚೆನ್ನಾಗಿದೆ, ಹಗ್ಗ ಬಿಗಿ.'

ಮನೆಗೆ ಮರಳಿದ ಮೇಲೆ ಕುದುರೆಯನ್ನು ಎರಡು ವಾರ ಉಳಿದವುಗಳಿಂದ ಬೇರೆ ಲಾಯದಲ್ಲಿ ಕಟ್ಟಿ, ಅದಕ್ಕೆ ಬೇರೆಯದೇ ಬಕೆಟ್ ಇಡಿ. ಬೆಳಿಗ್ಗೆ ಮತ್ತು ಸಂಜೆ ಜ್ವರ ನೋಡಿ, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಅದನ್ನು ಮೀರಿದರೆ, ಮೂಗಿನಲ್ಲಿ ಗೊಣ್ಣೆ ಅಥವಾ ಕೆಮ್ಮು ಕಂಡರೆ, ಅಂದೇ ವೈದ್ಯರನ್ನು ಕರೆಸಿ. ಮೂರನೆಯ ದಿನದಿಂದ ತೋಟದ ಬೇಲಿಗುಂಟ ಕಾಲು ಗಂಟೆಯ ನಡಿಗೆಯನ್ನು ಮತ್ತೆ ಆರಂಭಿಸಬಹುದು.